ಗಾಜಿನ ತೊಟ್ಟಿಯಲ್ಲಿ ಶೆಟ್ಲಿ ಸಂಸಾರ

ಭಟ್ಕಳದಿಂದ ಕುಮಟಾವರೆಗೆ ಶೆಟ್ಲಿ ಎಂದರೆ ಮೊದಲು ನೆನಪಾಗುವುದು ಬಾಣಲೆ. ಅದನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕುತ್ತೇನೆ ಎಂದು ನೆಂಟರೆದುರು ಹೇಳಿ ನೋಡಿ, ‘ಸಾರಿಗೆ ಆಗೂಕೆ ಎಷ್ಟು ದಿನ ಬೇಕು?’ ಎಂಬ ಪ್ರಶ್ನೆ ಖಾಯಂ. ಚೆರ್ರಿ ಶ್ರಿಂಪ್ ಎಂಬ ಈ ಕೆಂಪು ಶೆಟ್ಲಿ ಬೆಳೆದರೂ ಎರಡೂವರೆ ಸೆಂಟಿಮೀಟರು. ಸಾರಿಗೂ ಆಗದು, ಒಣಗಿಸಿ ಚಟ್ನಿ ಮಾಡಲಿಕ್ಕೂ ಸಾಲದು. ಆದರೆ ಬಾವಿನೀರು, ಬಳಚಿನ ಚಿಪ್ಪು, ಅಂಗಳದ ದರಕು ಇಷ್ಟಿದ್ದರೆ ಮನೆಯೊಳಗೇ ತಲೆಮಾರಿನ ಮೇಲೆ ತಲೆಮಾರು ಬೆಳೆಸಬಹುದಾದ ಜೀವಿ ಇದು. ಈ ಮೂರೂ ನಮ್ಮ ಕಡೆ ದುಡ್ಡು ಕೊಡದೆ ಸಿಗುತ್ತವೆ.

ಶೆಟ್ಲಿ ತರುವ ಮೊದಲು ಅಂಗಡಿಯವನಿಗೆ ಬಣ್ಣ, ಬೆಲೆ ಕೇಳುವುದಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಬೇಕು: ಇದರ ಮರಿ ಬದುಕುವುದು ಯಾವ ನೀರಿನಲ್ಲಿ? ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಎಲ್ಲವನ್ನೂ ‘ಸಿಹಿನೀರಿನ ಶ್ರಿಂಪ್’ ಎಂದೇ ಮಾರುತ್ತಾರೆ. ಅದರಲ್ಲಿ ಒಂದು ಜಾತಿ ಆರು ತಿಂಗಳಿಗೆ ನೂರು ದಾಟುತ್ತದೆ. ಇನ್ನೊಂದು ಜಾತಿ ಮತ್ತೆ ಮತ್ತೆ ಮೊಟ್ಟೆ ಹೊತ್ತು ಓಡಾಡುತ್ತದೆ, ಒಂದು ಮರಿಯೂ ಉಳಿಯುವುದಿಲ್ಲ.

ಹೊಳೆದಂಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಕುಮಟಾ ತಾಲೂಕಿನ ಗಜನಿಗಳಲ್ಲಿ ಕಗ್ಗದ ಭತ್ತ ಕೊಯ್ದ ಮೇಲೆ ಉಬ್ಬರದ ನೀರಿನ ಜೊತೆ ಒಳಬಂದು ಬೆಳೆಯುವ ಶೆಟ್ಲಿ ಸಮುದ್ರದ ಕೂಸು. ಅದರ ತಾಯಿ ಮೊಟ್ಟೆಯನ್ನು ಹೊಟ್ಟೆಯಡಿ ಇಟ್ಟುಕೊಳ್ಳುವುದೇ ಇಲ್ಲ, ಕಡಲಿನಲ್ಲಿ ನೇರವಾಗಿ ನೀರಿಗೆ ಬಿಟ್ಟುಬಿಡುತ್ತದೆ. ಎರಡನೆಯದು ಉದ್ದ ಕೊಂಡಿಯ ದೊಡ್ಡ ಹೊಳೆಶೆಟ್ಲಿ. ಪುಸ್ತಕದಲ್ಲಿ ಇದು ಮ್ಯಾಕ್ರೊಬ್ರಾಕಿಯಂ ರೋಸೆನ್‌ಬರ್ಗಿ, ವ್ಯಾಪಾರದಲ್ಲಿ ಸ್ಕ್ಯಾಂಪಿ. ಬದುಕುವುದು ಸಿಹಿನೀರಿನಲ್ಲಿ, ಆದರೆ ಮೊಟ್ಟೆ ಹೊತ್ತ ತಾಯಿ ಹೊಳೆಯಗುಂಟ ಕೆಳಗಿಳಿದು ಅಳಿವೆಯ ಕಡೆ ಬರುತ್ತದೆ. ಒಡೆದು ಬಂದ ಮರಿಗೆ ಉಪ್ಪು ಬೇಕು. ಮೂರನೆಯದು ಚೆರ್ರಿಯ ಕುಲ, ನಿಯೋಕ್ಯಾರಿಡಿನಾ ಡೇವಿಡಿ. ತೈವಾನ್ ಮತ್ತು ಪೂರ್ವ ಚೀನಾದ ಹಳ್ಳಗಳಿಂದ ಬಂದ ಇದಕ್ಕೆ ಸಮುದ್ರದ ಹಂಗೇ ಇಲ್ಲ. ಮರಿ ಹುಟ್ಟುವಾಗಲೇ ಅಪ್ಪ-ಅಮ್ಮನ ಪಡಿಯಚ್ಚು, ಎರಡು ಮಿಲಿಮೀಟರು ಉದ್ದ, ಹುಟ್ಟಿದ ಗಳಿಗೆಯಿಂದ ಪಾಚಿ ಕೆರೆದು ತಿನ್ನಲು ಶುರು. ಮನೆಯಲ್ಲಿ ಮರಿ ಮಾಡಿಸಬೇಕೆಂದಿದ್ದರೆ ಈ ಮೂರನೆಯದರಿಂದ ಆರಂಭಿಸಿ. ಹೊಳೆಶೆಟ್ಲಿಯ ಸಂಗತಿ ಕೊನೆಗೆ ಬರುತ್ತದೆ. ಕೈ ಪಳಗಿದವರಿಗೆ ಮಾತ್ರ ಅದು.

ಬಾವಿನೀರಿಗೆ ಬಳಚಿನ ಚಿಪ್ಪು

ಚಿರೆಕಲ್ಲಿನ ನೆಲದ ಬಾವಿನೀರು ಕುಡಿಯಲು ಅಮೃತ, ಬೇಳೆ ಬೇಗ ಬೇಯುತ್ತದೆ, ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಅಂದರೆ ಅದು ಮೆದು ನೀರು. ಸುಣ್ಣದ ಅಂಶ ಕಡಿಮೆ, ಸ್ವಲ್ಪ ಹುಳಿಯ ಗುಣ, ಪಿಎಚ್ ಅಳೆದರೆ ಸಾಮಾನ್ಯವಾಗಿ 7ಕ್ಕಿಂತ ಕೆಳಗೆ. ಮನುಷ್ಯರಿಗೆ ಇದು ಒಳ್ಳೆಯದೇ. ಶೆಟ್ಲಿಗೆ ಮಾತ್ರ ಕಷ್ಟ, ಏಕೆಂದರೆ ಅದು ಬೆಳೆಯುವುದೇ ಪೊರೆ ಬಿಟ್ಟು. ಹಳೆಯ ಸಿಪ್ಪೆ ಕಳಚಿದ ಮೇಲೆ ಹೊಸದು ಗಟ್ಟಿಯಾಗಲು ನೀರಿನಿಂದ ಸುಣ್ಣದಂಶ ಹೀರಿಕೊಳ್ಳಬೇಕು. ಸಿಗದಿದ್ದರೆ ಪೊರೆ ಅರ್ಧಕ್ಕೆ ನಿಲ್ಲುತ್ತದೆ. ಕುತ್ತಿಗೆಯ ಸುತ್ತ ಬಿಳಿಯ ಉಂಗುರದಂತೆ ಬಿರುಕು ಕಾಣಿಸಿಕೊಂಡರೆ ಆ ಶೆಟ್ಲಿ ಉಳಿಯುವುದು ಅಪರೂಪ.

ಚೆರ್ರಿಗೆ ಬೇಕಾದದ್ದು ಪಿಎಚ್ 6.8ರಿಂದ 7.8, ಗಡಸುತನ ಅಂದರೆ ಜಿಎಚ್ 6ರಿಂದ 8, ಕರಗಿದ ಲವಣಾಂಶ ಅಂದರೆ ಟಿಡಿಎಸ್ 150ರಿಂದ 250. ಜಿಎಚ್ ಅಳೆಯುವ ಹನಿಗಳ ಕಿಟ್ ಮತ್ತು ಟಿಡಿಎಸ್ ಮೀಟರು ಎರಡೂ ಅಗ್ಗದ ಸಾಮಾನು, ಅಲ್ಲಿ ಜಿಪುಣತನ ಬೇಡ. ಕೊರತೆ ತುಂಬಲು ಪೇಟೆಯ ಖನಿಜದ ಪುಡಿ ಕೊಳ್ಳಬಹುದು. ನಾನು ಬಳಸುವುದು ಅಘನಾಶಿನಿಯ ಬಳಚಿನ ಚಿಪ್ಪು. ಊಟವಾದ ಮೇಲೆ ಉಳಿದ ಚಿಪ್ಪನ್ನು ಮಾಂಸದ ಚೂರಿಲ್ಲದಂತೆ ತಿಕ್ಕಿ ತೊಳೆದು, ಹತ್ತು ನಿಮಿಷ ಕುದಿಸಿ, ಎರಡು ದಿನ ಬಿಸಿಲಿಗಿಟ್ಟು, ಐವತ್ತು ಲೀಟರಿನ ತೊಟ್ಟಿಗೆ ಒಂದು ಹಿಡಿ ಹಾಕಿ. ಹುಳಿ ನೀರಿನಲ್ಲಿ ಚಿಪ್ಪು ನಿಧಾನವಾಗಿ ಕರಗುತ್ತದೆ, ಹುಳಿ ಇಳಿದಂತೆ ಕರಗುವುದೂ ತಾನಾಗಿ ನಿಲ್ಲುತ್ತದೆ. ಲೆಕ್ಕ ತಪ್ಪುವ ಭಯ ಕಡಿಮೆ. ಕವಳಕ್ಕೆ ಹಚ್ಚುವ ಸುಣ್ಣವೂ ಚಿಪ್ಪಿನದೇ ಅಲ್ಲವೇ ಎಂದು ಅದನ್ನು ಹಾಕೀರಿ ಜೋಕೆ. ಸುಟ್ಟ ಸುಣ್ಣ ಪಿಎಚ್ಚನ್ನು ಒಮ್ಮೆಗೇ ಏರಿಸಿ ತೊಟ್ಟಿಯನ್ನೇ ಮುಗಿಸುತ್ತದೆ. ಚಿಪ್ಪಿನಲ್ಲಿ ಮೆಗ್ನೀಸಿಯಂ ಅಷ್ಟಾಗಿ ಇರುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಖನಿಜದ ಪುಡಿಯನ್ನೂ ಚಿಟಿಕೆ ಸೇರಿಸುವುದು ಒಳ್ಳೆಯದು.

ಹೊಳೆಬದಿಯ ಬಾವಿಗಳದ್ದು ಬೇರೆ ಕತೆ. ಮಾರ್ಚ್ ಕಳೆದರೆ ಕೆಲವಕ್ಕೆ ಉಪ್ಪು ಏರುತ್ತದೆ. ಜನವರಿಯಲ್ಲಿ ಅಳೆದ ಲೆಕ್ಕವನ್ನು ಏಪ್ರಿಲ್‌ನಲ್ಲಿ ನಂಬಬೇಡಿ. ಮಳೆಗಾಲ ಶುರುವಾಗುವಾಗ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಇದ್ದರೆ ಹಾಕುವ ಮುಂಚೆಯೇ ನಾಲ್ಕು ಕ್ಯಾನ್ ನೀರು ತುಂಬಿಡಿ. ಪಟ್ಟಣದ ನಲ್ಲಿನೀರನ್ನು ಬಾಯಗಲದ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟು ಬಳಸಿ.

ತೊಟ್ಟಿ ದೊಡ್ಡದಿರಬೇಕೆಂದಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಸಾಕು, ಸುಮಾರು ಐವತ್ತು ಲೀಟರು ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದು ಕಷ್ಟವೇ, ನೀರು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಸೋಸಲು ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಒಂದೇ ಸರಿ. ನೀರೆಳೆಯುವ ಮೋಟಾರಿನ ಫಿಲ್ಟರು ಮರಿಗಳನ್ನೂ ಎಳೆದುಕೊಳ್ಳುತ್ತದೆ. ತಳಕ್ಕೆ ತೊಳೆದ ಸಣ್ಣ ಜಲ್ಲಿ, ಒಂದು ದೊಡ್ಡ ಮುದ್ದೆ ಜಾವಾ ಪಾಚಿ. ಗದ್ದೆಯ ತೋಡಿನಿಂದ ಗಿಡ ಕಿತ್ತು ತಂದರೂ ಬದುಕುತ್ತದೆ. ಆದರೆ ಅದರೊಟ್ಟಿಗೆ ಏರೋಪ್ಲೇನ್ ಚಿಟ್ಟೆಯ ಮರಿಹುಳ ಬಂದರೆ ಅದು ದಿನಕ್ಕಿಷ್ಟು ಎಂದು ಶೆಟ್ಲಿ ಎಣಿಸಿ ತಿನ್ನುತ್ತದೆ.

ಇಷ್ಟಾದ ಮೇಲೆ ಒಂದು ತಿಂಗಳು, ಸಾಧ್ಯವಾದರೆ ಆರು ವಾರ, ಖಾಲಿ ತೊಟ್ಟಿ ಓಡಿಸಬೇಕು. ಇದನ್ನು ಯಾರೂ ಮಾಡುವುದಿಲ್ಲ, ಮಾಡದವರ ಶೆಟ್ಲಿ ಉಳಿಯುವುದೂ ಇಲ್ಲ. ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಅದು ಕೊಳೆತು ಅಮೋನಿಯ ಆಗುತ್ತದೆ. ಸ್ಪಂಜಿನಲ್ಲಿ ನೆಲೆಯೂರುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಶೂನ್ಯಕ್ಕಿಳಿಯುವವರೆಗೆ ತೊಟ್ಟಿ ಸಿದ್ಧವಲ್ಲ. ಈ ಅವಧಿಯಲ್ಲಿ ಗಾಜು, ಕಲ್ಲು, ಎಲೆಯ ಮೇಲೆಲ್ಲ ತೆಳ್ಳಗೆ ಲೋಳೆ ಕಟ್ಟುತ್ತದೆ. ಗಲೀಜೆಂದು ಉಜ್ಜಬೇಡಿ. ನಾಳೆ ಹುಟ್ಟುವ ಮರಿಗಳಿಗೆ ಅದೇ ಮೊದಲ ತುತ್ತು.

ಅಂಗಳದ ಬಾದಾಮಿ ಮರದ ಎಲೆ ಕೆಂಪಾಗಿ ಉದುರಿ ಒಣಗಿದ ಮೇಲೆ ತೊಳೆದು ಎರಡು ಹಾಕಿದರೆ ಲೋಳೆ ಇನ್ನೂ ಚೆನ್ನಾಗಿ ಕೂರುತ್ತದೆ. ನೀರು ಚಹಾ ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ. ನಾವು ಗುಡಿಸಿ ಗೊಬ್ಬರಗುಂಡಿಗೆ ಹಾಕುವ ಈ ಎಲೆಯನ್ನೇ ಪೇಟೆಯಲ್ಲಿ ಹತ್ತತ್ತು ಕಟ್ಟಿ ಮಾರುತ್ತಾರೆ ಎಂದರೆ ನಮ್ಮೂರಿನ ಹಿರಿಯರು ನಂಬುವುದಿಲ್ಲ.

ಪೊರೆ, ಮೊಟ್ಟೆ, ಮರಿ

ಮೊದಲ ಬಾರಿಗೆ ಹತ್ತರಿಂದ ಹದಿನೈದು ಶೆಟ್ಲಿ ತನ್ನಿ, ಎಲ್ಲವೂ ಒಂದೇ ಬಣ್ಣದವಿರಲಿ. ಕೆಂಪು, ಹಳದಿ, ನೀಲಿ ಎಲ್ಲ ಒಂದೇ ಜಾತಿಯ ಬಣ್ಣಗಳು. ಕೂಡಿಬಿಟ್ಟರೆ ಕೆಲವು ತಲೆಮಾರಿನಲ್ಲಿ ಮೂಲದ ಮಣ್ಣುಬಣ್ಣಕ್ಕೆ ಮರಳುತ್ತವೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿದು ಬಂದ ಪ್ಯಾಕೆಟ್ಟನ್ನು ಹಾಗೇ ಸುರಿಯಬೇಡಿ. ಶೆಟ್ಲಿಯನ್ನು ಆ ನೀರಿನ ಸಮೇತ ಒಂದು ಬಕೆಟ್ಟಿಗೆ ಹಾಕಿ, ಸಣ್ಣ ಏರ್ ಪೈಪಿಗೊಂದು ಗಂಟು ಬಿಗಿದು, ತೊಟ್ಟಿಯ ನೀರು ಸೆಕೆಂಡಿಗೆ ಒಂದೆರಡು ಹನಿಯಂತೆ ಅದಕ್ಕೆ ಬೀಳುವಂತೆ ಮಾಡಿ. ನೀರು ಮೂರು ಪಾಲಾಗುವವರೆಗೆ, ಒಂದೂವರೆ ಎರಡು ಗಂಟೆ ಬೇಕು. ನಂತರ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಡಿ, ಬಕೆಟ್ಟಿನ ನೀರು ಚೆಲ್ಲಿ.

ಹೆಣ್ಣು ಗಂಡಿಗಿಂತ ದೊಡ್ಡದು, ಬಣ್ಣ ಗಾಢ, ಹೊಟ್ಟೆಯ ಭಾಗ ದುಂಡು. ಪ್ರಾಯಕ್ಕೆ ಬಂದ ಹೆಣ್ಣಿನ ಬೆನ್ನ ಮೇಲೆ, ತಲೆಯ ಹಿಂದೆ, ಕುದುರೆಯ ಜೀನಿನಂತೆ ಹಳದಿ ಗುರುತು ಕಾಣುತ್ತದೆ. ಅದು ಒಳಗೆ ಸಿದ್ಧವಾಗುತ್ತಿರುವ ಮೊಟ್ಟೆ. ಒಂದು ದಿನ ಅದು ಪೊರೆ ಬಿಡುತ್ತದೆ, ನೀರಿಗೊಂದು ವಾಸನೆ ಬಿಡುತ್ತದೆ. ಆಗ ನೋಡಬೇಕು ಗಂಡುಗಳ ಗಡಿಬಿಡಿಯನ್ನು. ದಿನವಿಡೀ ಪಾಚಿ ಮೇಯುತ್ತಿದ್ದವು ದಿಕ್ಕುಗೆಟ್ಟಂತೆ ತೊಟ್ಟಿಯುದ್ದಕ್ಕೂ ಈಜುತ್ತವೆ. ಮೊದಲ ಸಲ ನೋಡಿದವರು ನೀರು ಕೆಟ್ಟಿತೆಂದು ಹೆದರುತ್ತಾರೆ. ಹಾಗೆಯೇ ಬಿದ್ದಿರುವ ಖಾಲಿ ಪೊರೆಯನ್ನು ಹೆಣವೆಂದು ಎತ್ತಿ ಎಸೆಯುತ್ತಾರೆ. ಎಸೆಯಬೇಡಿ, ಅವೇ ತಿಂದು ಸುಣ್ಣದಂಶ ಮರಳಿ ಪಡೆಯುತ್ತವೆ.

ಮರುದಿನದ ಹೊತ್ತಿಗೆ ಇಪ್ಪತ್ತು-ಮೂವತ್ತು ಮೊಟ್ಟೆ ಹೊಟ್ಟೆಯಡಿಗೆ ಬಂದಿರುತ್ತವೆ. ತಾಯಿ ಅವನ್ನು ಈಜುಗಾಲುಗಳಿಂದ ಬೀಸುತ್ತ, ತಿರುವುತ್ತ ಇರುತ್ತದೆ. ಗಾಳಿಯಾಡದಿದ್ದರೆ ಬೂಷ್ಟು ಹಿಡಿಯುತ್ತದೆ. ಮೂರರಿಂದ ನಾಲ್ಕು ವಾರ ಹೀಗೇ. ನೀರು ಬಿಸಿಯಿದ್ದರೆ ಬೇಗ, ತಣ್ಣಗಿದ್ದರೆ ತಡ. ಕೊನೆಯ ದಿನಗಳಲ್ಲಿ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕಿ ಕಾಣಿಸಿದರೆ ಅವು ಮರಿಯ ಕಣ್ಣುಗಳು. ಈ ಅವಧಿಯಲ್ಲಿ ನೀವು ಮಾಡಬೇಕಾದ ಕೆಲಸ ಏನೂ ಇಲ್ಲ. ಬಾಣಂತಿಗೆ ಬೇರೆ ಕೋಣೆ ಎಂಬಂತೆ ಬೇರೆ ತೊಟ್ಟಿಗೆ ಸಾಗಿಸಿದರೆ ಗಾಬರಿಯಲ್ಲಿ ಪೊರೆ ಬಿಟ್ಟು ಮೊಟ್ಟೆಯನ್ನೂ ಕಳಚಿಬಿಡುತ್ತದೆ. ಚೊಚ್ಚಲಲ್ಲಿ ಕೆಲವು ಹೆಣ್ಣು ತಾವಾಗಿಯೇ ಮೊಟ್ಟೆ ಬೀಳಿಸುತ್ತವೆ. ಬೇಸರ ಬೇಡ, ಮುಂದಿನ ಸಲ ಸರಿಯಾಗುತ್ತದೆ.

ಮರಿಗಳು ಹುಟ್ಟಿದ್ದು ನಿಮಗೆ ಗೊತ್ತಾಗುವುದು ಎರಡು ದಿನ ಬಿಟ್ಟು. ರಾತ್ರಿ ಟಾರ್ಚ್ ಹಿಡಿದು ಪಾಚಿಯ ಎಳೆಗಳ ನಡುವೆ ನೋಡಿದರೆ ಅಕ್ಕಿನುಚ್ಚಿಗಿಂತ ಚಿಕ್ಕ, ಗಾಜಿನಂಥ ಶೆಟ್ಲಿಗಳು ಅಲ್ಲಲ್ಲಿ. ಮೊದಲ ಒಂದು ವಾರ ಅವು ಹುಟ್ಟಿದ ಜಾಗ ಬಿಟ್ಟು ದೂರ ಹೋಗುವುದಿಲ್ಲ. ದೊಡ್ಡವಕ್ಕೆಂದು ಮೂಲೆಯಲ್ಲಿ ಹಾಕಿದ ಗುಳಿಗೆ ಇವಕ್ಕೆ ಸಿಗುವುದಿಲ್ಲ. ಊಟ ಇದ್ದಲ್ಲಿಗೇ ಬರಬೇಕು. ಲೋಳೆ ಕಟ್ಟಿದ ಹಳೆಯ ತೊಟ್ಟಿಯಾದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಸ್ಪಿರುಲಿನಾ ಪುಡಿಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ಎತ್ತುವಷ್ಟು ತೆಗೆದುಕೊಂಡು ಒಂದು ಲೋಟ ತೊಟ್ಟಿನೀರಿನಲ್ಲಿ ಕದಡಿ ಎಲ್ಲ ಕಡೆ ಚಿಮುಕಿಸಿ, ವಾರಕ್ಕೆರಡು ಸಲ. ದೊಡ್ಡವಕ್ಕೆ ಹಿತ್ತಲ ಬಸಳೆಯ ಒಂದೆಲೆ, ಬಿಸಿನೀರಲ್ಲಿ ಬಾಡಿಸಿ ಹಾಕಿ, ಉಳಿದದ್ದನ್ನು ಮರುದಿನ ತೆಗೆಯಿರಿ. ಸಂತೆಯ ಸೊಪ್ಪಿಗೆ ಯಾವ ಔಷಧಿ ಹೊಡೆದಿದ್ದಾರೋ ತಿಳಿಯದು, ಬೇಡ. ಮರಿಗಳು ಸಾಯುವುದು ಹಸಿವಿನಿಂದ ಒಂದು ಪಾಲಾದರೆ, ಹೆಚ್ಚು ಹಾಕಿದ ಊಟ ಕೊಳೆತು ನೀರು ಕೆಟ್ಟು ಸಾಯುವುದು ಹಲವು ಪಾಲು.

ತೊಟ್ಟಿಯಲ್ಲಿ ಮೀನು ಬೇಡ. ಗಪ್ಪಿ ಸಾಧು ಎನ್ನುತ್ತಾರೆ, ಅದರ ಬಾಯಿಗೆ ಹಿಡಿಸುವ ಮರಿಯನ್ನು ಅದು ಬಿಡುವುದಿಲ್ಲ. ಎರಡೂವರೆ ಮೂರು ತಿಂಗಳಿಗೆ ಈ ಮರಿಗಳೇ ಪ್ರಾಯಕ್ಕೆ ಬರುತ್ತವೆ. ಆಯಸ್ಸು ಒಂದರಿಂದ ಎರಡು ವರ್ಷ.

ತಾಮ್ರದ ಹಂಡೆ ಮತ್ತು ಇತರ ಅಪಾಯಗಳು

ನನ್ನ ಮೊದಲ ತೊಟ್ಟಿ ಹೋದದ್ದು ಒಂದು ಹಂಡೆಯಿಂದ. ಪಂಪು ಕೆಟ್ಟಿದ್ದ ದಿನ, ಬಚ್ಚಲಿನ ತಾಮ್ರದ ಹಂಡೆಯಲ್ಲಿ ಹಿಂದಿನ ರಾತ್ರಿ ತುಂಬಿಟ್ಟ ತಣ್ಣೀರು ಇತ್ತು. ಬಾವಿಯದೇ ನೀರು, ಏನಾದೀತು ಎಂದು ಆರು ಚೊಂಬು ಹೊಯ್ದೆ. ಮರುದಿನ ಸಂಜೆಗೆ ಒಂದೂ ಉಳಿದಿರಲಿಲ್ಲ. ತಾಮ್ರ ಶೆಟ್ಲಿಗೆ ವಿಷ. ನಮ್ಮ ಮೆದು, ಹುಳಿ ನೀರು ತಾಮ್ರವನ್ನು ಚೆನ್ನಾಗಿ ಕರಗಿಸಿಕೊಳ್ಳುತ್ತದೆ, ಮೆದು ನೀರಿನಲ್ಲಿ ಆ ವಿಷದ ಪೆಟ್ಟೂ ಹೆಚ್ಚು. ಶೆಟ್ಲಿಯ ರಕ್ತದಲ್ಲಿ ಆಮ್ಲಜನಕ ಹೊರುವುದೇ ತಾಮ್ರ ಎಂಬುದು ಇದರ ವಿಚಿತ್ರ. ಒಳಗಿರುವಷ್ಟು ಬೇಕು, ನೀರಿನಲ್ಲಿ ಚೂರು ಹೆಚ್ಚಾದರೆ ಸಾವು.

ಹೊನ್ನಾವರ, ಕುಮಟಾದ ಅಡಿಕೆ ತೋಟದವರು ಇದನ್ನು ಇನ್ನೊಂದು ಕಡೆಯಿಂದ ನೋಡಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಲವಣ. ತೋಟದೊಳಗಿನ ಬಾವಿಯಾದರೆ ಔಷಧಿ ಹೊಡೆದ ಮೇಲೆ ಕೆಲವು ವಾರ ಆ ನೀರು ತೊಟ್ಟಿಗೆ ಬೇಡ. ಔಷಧಿ ಕಲಸಿದ ಬಕೆಟ್ಟು, ಮಗ್ಗು ಎಷ್ಟು ತೊಳೆದರೂ ಬೇಡ. ಮೀನಿನ ರೋಗಕ್ಕೆಂದು ಮಾರುವ ಕೆಲವು ಔಷಧಿಗಳಲ್ಲೂ ತಾಮ್ರವಿರುತ್ತದೆ, ಪಟ್ಟಿ ಓದಿಯೇ ಕೊಳ್ಳಿ.

ಸೊಳ್ಳೆ ಔಷಧಿ ಎರಡನೆಯ ಶತ್ರು. ಬತ್ತಿ, ಲಿಕ್ವಿಡ್, ಜಿರಳೆಗೆ ಹೊಡೆಯುವ ಸ್ಪ್ರೇ, ಎಲ್ಲದರಲ್ಲೂ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಹುಳದ ಮತ್ತು ಶೆಟ್ಲಿಯ ನರಗಳಿಗೆ ಅದಕ್ಕೆ ಭೇದ ತಿಳಿಯದು. ಕೋಣೆಯ ಗಾಳಿಯನ್ನೇ ಏರ್ ಪಂಪು ಹೀರಿ ನೀರಿಗೆ ಊದುತ್ತದೆ ಎಂಬುದನ್ನು ಮರೆಯಬೇಡಿ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿ.

ಬೇಸಿಗೆಯ ಮಾತು. ಚೆರ್ರಿಗೆ ಹಿತ 20ರಿಂದ 26 ಡಿಗ್ರಿ. ಏಪ್ರಿಲ್-ಮೇಯಲ್ಲಿ ನಮ್ಮ ಕೋಣೆಗಳ ನೀರು 30ರ ಹತ್ತಿರ ಬರುತ್ತದೆ. ಸಾಯುವುದಿಲ್ಲ, ಆದರೆ ಮೊಟ್ಟೆ ಹಿಡಿಯುವುದು ಕಡಿಮೆಯಾಗುತ್ತದೆ. ನೀರಿನ ಮೇಲೆ ಫ್ಯಾನ್ ಬೀಸಿ ತಣಿಸಿ ಎಂಬ ಸಲಹೆ ಒಣಹವೆಯ ಊರಿನವರದ್ದು. ನಮ್ಮ ಒದ್ದೆ ಗಾಳಿಯಲ್ಲಿ ನೀರು ಅಷ್ಟಾಗಿ ಆರುವುದಿಲ್ಲ, ಒಂದೆರಡು ಡಿಗ್ರಿ ಇಳಿದರೆ ಪುಣ್ಯ. ತಾರಸಿಯ ಕೆಳಗಿನ ಕೋಣೆ ಬಿಟ್ಟು ಹೆಂಚಿನ ಮನೆಯ ನಡುಕೋಣೆಯಲ್ಲಿ, ನೆಲಕ್ಕೆ ಹತ್ತಿರವಾಗಿ ತೊಟ್ಟಿ ಇಡಿ. ಆರಿದಷ್ಟು ನೀರನ್ನು ಬರಿಯ ಮೆದು ನೀರಿನಿಂದ ತುಂಬಿ. ಆರುವುದು ನೀರು ಮಾತ್ರ, ಸುಣ್ಣದಂಶ ಒಳಗೇ ಉಳಿದಿರುತ್ತದೆ. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸುವಾಗ ಮಾತ್ರ ಚಿಪ್ಪಿನಲ್ಲಿ ನೆನೆಸಿಟ್ಟ ನೀರು. ಜೂನ್-ಜುಲೈಯಲ್ಲಿ ಕರೆಂಟು ಹೋದರೆ ಬರುವ ಹೊತ್ತು ಯಾರಿಗೂ ತಿಳಿಯದು, ಬ್ಯಾಟರಿಯ ಏರ್ ಪಂಪೊಂದು ಮನೆಯಲ್ಲಿರಲಿ.

ಅಳಿವೆಯ ಮರಿ

ಹೊಳೆಶೆಟ್ಲಿಯ ಮರಿ ಸಿಹಿನೀರಿನಲ್ಲಿ ಏಕೆ ಉಳಿಯುವುದಿಲ್ಲ ಎಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1961ರಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ ಶಾವೊ-ವೆನ್ ಲಿಂಗ್ ಎಂಬ ವಿಜ್ಞಾನಿ ಅವಕ್ಕೆ ಸವುಳು ನೀರು ಬೇಕೆಂದು ಕಂಡುಕೊಂಡರು. ಹವಾಯಿಯಲ್ಲಿ ತಕುಜಿ ಫುಜಿಮುರಾ ಆ ನೀರಿನಲ್ಲಿ ಮರಿ ಬೆಳೆಸುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದರು. ಇಂದಿನ ಸ್ಕ್ಯಾಂಪಿ ಉದ್ಯಮ ನಿಂತಿರುವುದು ಇದರ ಮೇಲೆ.

ಮನೆಯಲ್ಲಿ ಪ್ರಯತ್ನಿಸುವವರಿಗೆ ಲೆಕ್ಕ ಸರಳ. ಕಡಲ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪು, ಮರಿಗೆ ಬೇಕಾದದ್ದು ಸುಮಾರು 12. ಹತ್ತು ಲೀಟರ್ ಕಡಲ ನೀರಿಗೆ ಇಪ್ಪತ್ತು ಲೀಟರ್ ಬಾವಿನೀರು ಬೆರೆಸಿದರೆ ಆಯಿತು. ಕಡಲ ನೀರನ್ನು ಫೆಬ್ರವರಿ-ಮೇ ನಡುವೆ, ಉಬ್ಬರದ ಹೊತ್ತಿಗೆ, ಹೊಳೆಬಾಯಿಯಿಂದ ದೂರದ ತೆರೆದ ದಂಡೆಯಲ್ಲಿ ತುಂಬಿ. ಮುರ್ಡೇಶ್ವರದ ಕಡೆಯ ಬಂಡೆಗಳ ಬಳಿ ಆದೀತು. ಶರಾವತಿಯ ಅಳಿವೆಯ ನೀರನ್ನು ನಂಬಬೇಡಿ. 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆಯ ಅಣೆಕಟ್ಟು ಬಂದ ಮೇಲೆ ವಿದ್ಯುತ್ ತಯಾರಿಸಿ ಬಿಡುವ ಸಿಹಿನೀರು ವರ್ಷವಿಡೀ ಹರಿದು ಆ ಅಳಿವೆ ಸಪ್ಪೆಯಾಗಿದೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬಳಚು ಸಮೃದ್ಧವಾಗಿದ್ದು ಶರಾವತಿಯಲ್ಲಿ ಕುಸಿದದ್ದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೊಡುವ ಕಾರಣವೂ ಇದೇ.

ಮೊಟ್ಟೆ ಕಿತ್ತಳೆಯಿಂದ ಬೂದುಗಪ್ಪಿಗೆ ತಿರುಗಿದ ತಾಯಿಯನ್ನು ಬೆರಕೆ ನೀರಿಗೆ ನಿಧಾನವಾಗಿ ಒಗ್ಗಿಸಿ ಬಿಡಿ, ಮರಿ ಬಂದ ಮೇಲೆ ಹೊರತೆಗೆಯಿರಿ. ಮರಿಗಳು ತಲೆಕೆಳಗಾಗಿ, ಬಾಲ ಮುಂದಾಗಿ ಈಜುತ್ತವೆ. ಹನ್ನೊಂದು ಹಂತ ದಾಟಿ ನೆಲಕ್ಕಿಳಿಯಲು ನಾಲ್ಕೈದು ವಾರ. ನೀರು 28ರಿಂದ 31 ಡಿಗ್ರಿ, ಇಲ್ಲಿ ಮಾತ್ರ ನಮ್ಮ ಸೆಖೆ ಉಪಕಾರಿ. ಊಟಕ್ಕೆ ದಿನಾ ಹೊಸದಾಗಿ ಮರಿ ಮಾಡಿಸಿದ ಆರ್ಟೀಮಿಯ ಎಂಬ ಉಪ್ಪುನೀರಿನ ಪುಟ್ಟ ಜೀವಿ, ಕೆಲವು ದಿನ ಕಳೆದ ಮೇಲೆ ಮೊಟ್ಟೆ-ಹಾಲಿನಪುಡಿ ಬೇಯಿಸಿ ಸೋಸಿದ ಸಣ್ಣ ಚೂರು, ದಿನಾ ತಳದ ಕಸ ತೆಗೆಯುವುದು. ಒಂದು ದಿನ ನೆಂಟರ ಮದುವೆಗೆ ಹೋದರೆ ಮುಗಿಯಿತು. ಸಾವಿರಾರು ಮರಿಗಳಲ್ಲಿ ನಾಲ್ಕು ಉಳಿದರೂ ಹೊಸಬರಿಗೆ ಅದು ದೊಡ್ಡ ಗೆಲುವು. ಉಳಿದವು ಬೆಳೆದ ಮೇಲೆ ಒಂದನ್ನೊಂದು ತಿನ್ನುತ್ತವೆ. ಅಂಗಡಿಯಲ್ಲಿ ಪಾಚಿ ತಿನ್ನಲೆಂದು ಕೊಡುವ ಅಮಾನೋ ಶ್ರಿಂಪಿನ ಮರಿಗೂ ಹೀಗೇ ಉಪ್ಪು ಬೇಕು, ಅದಕ್ಕೆ ಹೆಚ್ಚುಕಡಿಮೆ ಪೂರಾ ಕಡಲ ನೀರೇ ಆಗಬೇಕು. ನನ್ನ ಮಟ್ಟಿಗೆ ಚೆರ್ರಿಯೇ ಸಾಕು.

ಚೆರ್ರಿ ಸಾಕಿದ ಎರಡನೇ ವರ್ಷಕ್ಕೆ ಬರುವ ತೊಂದರೆ ಮರಿ ಹೆಚ್ಚಾಗುವುದು. ಆಗ ಬಕೆಟ್ಟಿನಲ್ಲಿ ತುಂಬಿ ಮನೆಹಿಂದಿನ ಹಳ್ಳಕ್ಕೆ ಬಿಡಬೇಡಿ. ಹವಾಯಿಯ ತೊರೆಗಳಲ್ಲಿ, ಜರ್ಮನಿ, ಪೋಲೆಂಡಿನ ಬೆಚ್ಚಗಿನ ನೀರಿನ ಕಾಲುವೆಗಳಲ್ಲಿ ಹೀಗೆ ಬಿಟ್ಟವು ಈಗ ಊರು ಮಾಡಿಕೊಂಡಿವೆ. ನಮ್ಮ ಘಟ್ಟದ ಹಳ್ಳಗಳಲ್ಲಿ ಅಷ್ಟೇ ಗಾತ್ರದ, ಅದೇ ಎಲೆಯ ಲೋಳೆ ತಿಂದು ಬದುಕುವ ನಮ್ಮದೇ ಪುಟ್ಟ ಶೆಟ್ಲಿಗಳಿವೆ. ಬಾವಿಗೂ ಬೇಡ, ಗದ್ದೆಯ ತೋಡಿಗೂ ಬೇಡ. ಪಕ್ಕದ ಮನೆಯ ಹುಡುಗನಿಗೆ ಹತ್ತು ಶೆಟ್ಲಿ, ಒಂದು ಹಿಡಿ ಪಾಚಿ, ನಾಲ್ಕು ಬಳಚಿನ ಚಿಪ್ಪು ಕೊಟ್ಟು ಕಳಿಸಿ, ತಾಮ್ರದ ಹಂಡೆಯ ಮಾತನ್ನೂ ಹೇಳಿ.